66ರ ಮಸ್ಟಾಂಗ್ ಮೂತಿ ಇಳಿಸ್ಬೇಕು, ಸ್ಪ್ರಿಂಗ್‌ಗೆ ಟಾರ್ಚ್ ಹಿಡಿಸ್ಲಾ?

ಪ್ರಶ್ನೆ: ಸರ್, ನಮ್ದು ಹಾಸನದ ಕಡೆ, ಹತ್ತು ವರ್ಷದಿಂದ ಡಾಲಸ್‌ನಲ್ಲಿದೀನಿ. ಹೋದ್ ವರ್ಷ 1966ರ ಮಸ್ಟಾಂಗ್ ತಗೊಂಡೆ, 289 ವಿ8. ಹಿಂದಿನ ಓನರ್ ಮುಂದೆ ಹೊಸ ಸ್ಪ್ರಿಂಗ್ ಹಾಕ್ಸಿದಾರಂತೆ, ಗಾಡಿ ಮೂತಿ ಎತ್ಕೊಂಡು ದೋಣಿ ಥರ ನಿಂತಿದೆ. ಒಂದೂವರೆ ಎರಡಿಂಚು ಇಳಿಸೋ ಆಸೆ. ಗೊತ್ತಿರೋರೊಬ್ರು ಸ್ಪ್ರಿಂಗ್‌ಗೆ ಗ್ಯಾಸ್ ಟಾರ್ಚ್ ಹಿಡಿದ್ರೆ ತಾನಾಗೇ ಕೂರತ್ತೆ, ಐದು ನಿಮಿಷದ ಕೆಲಸ ಅಂತಿದಾರೆ. ಮಾಡಿಸ್ಲಾ?

ಉತ್ತರ: ಟಾರ್ಚ್ ಬೇಡವೇ ಬೇಡ. ಸ್ಪ್ರಿಂಗ್ ಸ್ಟೀಲ್‌ಗೆ ಹದ ಹಾಕಿರ್ತಾರೆ, ನಮ್ಮೂರ ಕುಲುಮೇಲಿ ಕುಡುಗೋಲಿಗೆ ಹಾಕ್ತಾರಲ್ಲ ಹಾಗೆ. ಕೆಂಪಗೆ ಕಾಯಿಸಿದ್ರೆ ಆ ಹದ ಹೋಯ್ತು, ಇವತ್ತು ಎರಡಿಂಚು ಕೂತಿದ್ದು ನಾಳೆ ಇನ್ನೂ ಕೂರ್ತಾ ಹೋಗತ್ತೆ, ಎಡಕ್ಕೊಂದೆತ್ತರ ಬಲಕ್ಕೊಂದೆತ್ತರ, ಯಾವತ್ತೋ ಒಂದಿನ ಹೈವೇಲಿ ಮುರಿದ್ರೂ ಮುರೀತು.

ಮೊದ್ಲು ಟೇಪ್ ತಗೊಂಡು ಸಮ ನೆಲದ ಮೇಲೆ ಗಾಡಿ ನಿಲ್ಸಿ ನಾಲ್ಕೂ ಕಡೆ ಫೆಂಡರ್ ಎತ್ತರ ಅಳೀರಿ. ಎಷ್ಟೋ ಸಲ ಮೂತಿ ಎದ್ದಿರಲ್ಲ, ಹಿಂದಿನ ಹಳೇ ಲೀಫ್ ಸ್ಪ್ರಿಂಗ್ ಕುಸಿದಿರತ್ತೆ ಅಷ್ಟೇ. ಇನ್ನೊಂದು, ಮುಂದಿನ ಚಕ್ರನ ಗಾಡಿಗೆ ಸೇರಿಸೋ ತೋಳು ಎರಡಿರತ್ವೆ, ಮೇಲಿಂದು ಅಪ್ಪರ್ ಆರ್ಮ್, ಕೆಳಗಿಂದು ಲೋವರ್ ಆರ್ಮ್. ಈ ಲೋವರ್ ಆರ್ಮ್‌ನ ರಬ್ಬರ್ ಬುಶ್ ಬೋಲ್ಟನ್ನ ಗಾಡಿ ಜ್ಯಾಕ್ ಮೇಲೆ ನೇತಾಡ್ತಿರುವಾಗ್ಲೇ ಬಿಗಿ ಮಾಡಿದ್ರೆ ಆ ಬುಶ್ಶೇ ತಿರುಚ್ಕೊಂಡು ಮೂತಿನ ಎತ್ತಿ ಹಿಡಿಯತ್ತೆ. ಚಕ್ರ ನೆಲಕ್ಕೆ ಬಿಟ್ಟು, ಬೋಲ್ಟ್ ಸಡಿಲ ಮಾಡಿ, ಗಾಡಿ ಅದುಮಿ ಅಲ್ಲಾಡ್ಸಿ ಮತ್ತೆ ಟೈಟ್ ಮಾಡಿ. ಕಾಸು ಖರ್ಚಿಲ್ಲ.

ಅದಾದ್ಮೇಲೂ ಇಳಿಸ್ಬೇಕು ಅಂದ್ರೆ ನನ್ ಓಟು ಶೆಲ್ಬಿ ಡ್ರಾಪ್‌ಗೆ, ಅಂದ್ರೆ ಅಪ್ಪರ್ ಆರ್ಮ್‌ನ ಒಳತುದಿ ಕೆಳಕ್ಕಿಳಿಸೋದು. ಕೆಲವ್ರು ಆರ್ನಿಂಗ್ ಡ್ರಾಪ್ ಅಂತಾರೆ, ಅದೇ ಸರಿಯಾದ ಹೆಸ್ರು ಅಂತ ನನಗನ್ಸತ್ತೆ, ಯಾಕಂದ್ರೆ ಲೆಕ್ಕ ಹಾಕಿದ್ದು ಫೋರ್ಡ್ ಇಂಜಿನಿಯರ್ ಕ್ಲಾಸ್ ಆರ್ನಿಂಗ್, ಹೆಸ್ರು ಬಂದಿದ್ದು ರೇಸ್ ಗಾಡಿ ಮಾಡ್ತಿದ್ದ ಕ್ಯಾರಲ್ ಶೆಲ್ಬಿಗೆ. ಮಸ್ಟಾಂಗನ್ನೇ ತಿದ್ದಿ ಶೆಲ್ಬಿ ಮಾಡ್ತಿದ್ದ 1965ರ ಜಿಟಿ350 ಗಾಡಿಗಳಲ್ಲಿ ಇದನ್ನ ಮಾಡೇ ಕೊಡ್ತಿದ್ರು, 66ರಲ್ಲಿ ಖರ್ಚು ಉಳಿಸೋಕೆ ಕೈಬಿಟ್ರು.

ನಿಮ್ ಗಾಡೀಲಿ ಸ್ಪ್ರಿಂಗ್ ಕೂರೋದು ಅಪ್ಪರ್ ಆರ್ಮ್ ಮೇಲೆ, ತಲೆ ಶಾಕ್ ಟವರ್ ಒಳಗೆ, ಅಂದ್ರೆ ಇಂಜಿನ್ ಎರಡೂ ಪಕ್ಕ ಎದ್ದಿರೋ ತಗಡಿನ ಗೂಡಲ್ಲಿ. ಆ ಆರ್ಮ್‌ನ ಒಳಗಡೆ ತುದಿ ಎರಡು ಬೋಲ್ಟಲ್ಲಿ ಟವರ್‌ಗೆ ಕೂತಿದೆ. ಆ ಎರಡು ತೂತನ್ನ ನೇರ ಕೆಳಕ್ಕೆ 1 ಇಂಚು ಇಳಿಸಿ ಕೊರೆದು ಆರ್ಮ್ ಅಲ್ಲಿಗೆ ಹಾಕೋದು, ಇಷ್ಟೇ ಡ್ರಾಪ್. ಗಾಡಿ ಇಳಿಯೋದು ಸುಮಾರು 5/8 ಇಂಚು ಮಾತ್ರ, ಅದಕ್ಕೇ ಬೇಜಾರಾಗ್ಬೇಡಿ, ಅಸಲಿ ಲಾಭ ಬೇರೆ ಇದೆ. ಕಂಪನಿಯಿಂದ ಬಂದ ಹಾಗೆ ಆರ್ಮ್ ಹೊರಗಡೆಗೆ ಕೆಳಮುಖ ಇಳಿಜಾರಾಗಿರತ್ತೆ, ತಿರುವಲ್ಲಿ ಗಾಡಿ ವಾಲಿದಾಗ ಅದರ ತುದಿ ಮೇಲೇಳ್ತಾ ಹೊರಕ್ಕೆ ಹೋಗತ್ತೆ, ಜೊತೆಗೆ ಟೈರಿನ ತಲೇನೂ ಹೊರಕ್ಕೆ, ಪಾಪ ಟೈರು ಹೊರ ಅಂಚಿನ ಮೇಲೆ ಕಿರ್ಚ್ಕೊಂಡು ಓಡತ್ತೆ. ಒಳಗಿನ ತುದಿ ಇಳಿಸಿದ್ರೆ ಅದೇ ಆರ್ಮ್ ಮೇಲೇಳುವಾಗ ಟೈರಿನ ತಲೇನ ಒಳಕ್ಕೆ ಎಳ್ಕೊಳತ್ತೆ, ಟೈರು ನೆಲಕ್ಕೆ ಪೂರ್ತಿ ಕೂರತ್ತೆ. ಮೊದಲನೇ ಕರ್ವ್‌ನಲ್ಲೇ ವ್ಯತ್ಯಾಸ ಗೊತ್ತಾಗತ್ತೆ. ಸ್ಪ್ರಿಂಗ್ ಗಿಡ್ಡ ಮಾಡೋದ್ರಿಂದ ನೋಟ ಬರತ್ತೆ, ಇದರಿಂದ ಗಾಡಿ ಓಡೋ ರೀತೀನೇ ಬದಲಾಗತ್ತೆ.

ಕೊರೆಯೋ ಮುಂಚೆ ಟವರ್ ನೋಡಿ. ತುಕ್ಕು, ಬಿರುಕು ಇದ್ರೆ ಅಲ್ಲೇ ನಿಲ್ಸಿ, ಮೊದ್ಲು ವೆಲ್ಡಿಂಗ್. ಈ ಟವರ್‌ಗಳು ಒಳಕ್ಕೆ ಬಾಗೋದೂ ಹಳೇ ಕಾಯಿಲೆ, ಟವರ್‌ಗಳನ್ನ ಹಿಂದಿನ ಗೋಡೆಗೆ ಕಟ್ಟೋ ಎಕ್ಸ್‌ಪೋರ್ಟ್ ಬ್ರೇಸ್, ಎರಡು ಟವರ್ ಮಧ್ಯ ಅಡ್ಡ ಹಾಕೋ ಮಾಂಟೆ ಕಾರ್ಲೋ ಬಾರ್ ಇಲ್ದಿದ್ರೆ ಹಾಕ್ಸಿಬಿಡಿ. ತೂತಿನ ಜಾಗ ಅಂದಾಜಲ್ಲಿ ಬೇಡ, ಟೆಂಪ್ಲೇಟ್ ಸಿಗತ್ತೆ, 65-66ಕ್ಕೆ ಇರೋದನ್ನೇ ತಗೊಳ್ಳಿ. ಸಣ್ಣ ಬಿಟ್ಟಿಂದ ಶುರು ಮಾಡಿ ಕೊನೇಗೆ 17/32 ಇಂಚಿಗೆ ಬನ್ನಿ. ಆರ್ಮ್ ಮತ್ತೆ ಟವರ್ ಮಧ್ಯ ತೆಳು ಶಿಮ್‌ಗಳಿರತ್ವೆ, ಅಂದ್ರೆ ಸಂದಿ ಸರಿಮಾಡೋ ತಗಡಿನ ಚೂರು, ಯಾವ ಬೋಲ್ಟಿಗೆ ಎಷ್ಟಿತ್ತು ಅಂತ ಬರ್ಕೊಂಡೇ ಬಿಚ್ಚಿ. ಹಳೇ ತೂತು ಹಾಗೇ ಬಿಡಿ, ನಾಳೆ ಮಾರೋವಾಗ ತಗೊಳೋರು ಒರಿಜಿನಲ್ ಬೇಕು ಅಂದ್ರೆ ಆರ್ಮ್ ವಾಪಸ್ ಮೇಲಕ್ಕೆ ಹಾಕಿದ್ರಾಯ್ತು.

ನಿಜವಾದ ಅಪಾಯ ಇರೋದು ಸ್ಪ್ರಿಂಗ್ ಬಿಚ್ಚೋದ್ರಲ್ಲಿ. ಈಗಿನ ಕಾರಿನ ಸ್ಟ್ರಟ್‌ಗೆ ಹೊರಗಿಂದ ಹಾಕೋ ಕಂಪ್ರೆಸರ್ ಇಲ್ಲಿ ನಡೆಯಲ್ಲ, ಈ ಗಾಡಿಗೇ ಅಂತ ಬರೋ, ಶಾಕ್ ತೆಗೆದ ಜಾಗದಿಂದ ಒಳಗೆ ಇಳಿಸೋ ಕಂಪ್ರೆಸರ್ ಬೇಕು. ಅದುಮಿದ ಸ್ಪ್ರಿಂಗ್ ಎದುರು ಮುಖ ಇಡ್ಬೇಡಿ, ಗಾಡಿ ಸ್ಟ್ಯಾಂಡ್ ಮೇಲೇ ಇರ್ಲಿ. ನನ್ ಕೈಯಿಂದ ಒಂದ್ಸಲ ಜಾರಿ ಹೋಗಿ ಗ್ಯಾರೇಜ್ ಗೋಡೆ ತೂತಾಗಿದೆ, ನನ್ ಹೆಂಡ್ತಿ ಆ ತೂತನ್ನ ಇವತ್ತಿಗೂ ಮುಚ್ಚೋಕೆ ಬಿಟ್ಟಿಲ್ಲ.

ಇನ್ನೂ ಇಳೀಬೇಕಾ? ಅದೇ ಸಲಕ್ಕೆ 1 ಇಂಚು ಲೋ ಅಂತ ಬರೋ ಸ್ಪ್ರಿಂಗ್ ಹಾಕ್ಬಿಡಿ, ಡ್ರಾಪ್ ಸೇರಿ ಒಂದೂವರೆ ಇಂಚು ದಾಟತ್ತೆ, ರೋಡ್ ಗಾಡಿಗೆ ಅಷ್ಟು ಸಾಕು. ಇರೋದನ್ನೇ ಕತ್ತರಿಸ್ತೀನಿ ಅಂದ್ರೆ ಕಟಿಂಗ್ ಡಿಸ್ಕಲ್ಲಿ, ಅರ್ಧ ಸುತ್ತಿಗಿಂತ ಜಾಸ್ತಿ ಬೇಡ, ಎರಡೂ ಕಡೆ ಒಂದೇ ಅಳತೆ, ಹಾಕಿ ನೋಡಿ ಆಮೇಲೆ ಮುಂದಿನ ಮಾತು. ಬಾಗಿಲನ್ನ ಮಧ್ಯ ಹಿಡಿದು ಒಂದು ಗೇಣು ತಳ್ಳಿದ್ರೆ ಅಂಚು ಎರಡು ಗೇಣು ಹೋಗತ್ತಲ್ಲ, ಇಲ್ಲೂ ಹಾಗೇ, ಸ್ಪ್ರಿಂಗ್ ಕೂತಿರೋದು ಆರ್ಮ್ ನಡುವೆ, ಸ್ಪ್ರಿಂಗ್ ಎಷ್ಟು ಗಿಡ್ಡ ಆಯ್ತೋ ಗಾಡಿ ಹೆಚ್ಚುಕಮ್ಮಿ ಅದರ ಎರಡರಷ್ಟು ಇಳಿಯತ್ತೆ. ಇದು ಗೊತ್ತಿಲ್ದೆ ಪೂರ್ತಿ ಸುತ್ತು ಹಾರಿಸಿ, ಆರ್ಮ್ ಪೂರ್ತಿ ಮೇಲೆದ್ದಾಗ ತಡೆಯೋ ರಬ್ಬರ್ ಬಂಪ್ ಸ್ಟಾಪ್ ಮೇಲೆ ಕುಟ್ಕೊಂಡು ಓಡಾಡೋರು ಬೇಕಾದಷ್ಟಿದಾರೆ. ಸುತ್ತು ಕಮ್ಮಿ ಆದಷ್ಟೂ ಸ್ಪ್ರಿಂಗ್ ಗಟ್ಟಿ ಆಗತ್ತೆ, ಅದೂ ನೆನಪಿರ್ಲಿ. ಹಾಗಂತ ತೂತನ್ನ 1 ಇಂಚಿಗಿಂತ ಕೆಳಗೆ ಕೊರೆಯೋಕೆ ಹೋಗ್ಬೇಡಿ, ಆರ್ಮ್‌ನ ಹೊರತುದೀಲಿರೋ ಬಾಲ್ ಜಾಯಿಂಟ್ ಹಿಡ್ಕೊಳತ್ತೆ, ಅದಕ್ಕೆ ಬಾಲ್ ಜಾಯಿಂಟ್ ಓರೆ ಸರಿಮಾಡೋ ವೆಡ್ಜ್ ಕಿಟ್ ಬೇರೆ ಬೇಕು.

ಮುಗಿದ ತಕ್ಷಣ ಅಲೈನ್‌ಮೆಂಟ್. ಫ್ಯಾಕ್ಟರಿ ಪುಸ್ತಕದ ಅಂಕಿ ಆಗಿನ ಬಯಾಸ್ ಟೈರಿಂದು, ಈಗಿನ ರೇಡಿಯಲ್ ಟೈರಿಗೆ ಸರಿಹೋಗಲ್ಲ. ನಾನು ಹೇಳೋದು ಕ್ಯಾಂಬರ್ (ಟೈರಿನ ತಲೆ ಒಳಕ್ಕೋ ಹೊರಕ್ಕೋ ವಾಲೋದು) ಮೈನಸ್ ಅರ್ಧ ಡಿಗ್ರಿ, ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲೋದು) ಪ್ಲಸ್ 2ರಿಂದ 3 ಡಿಗ್ರಿ, ಟೋ ಇನ್ (ಎರಡೂ ಚಕ್ರದ ಮುಂಭಾಗ ಒಳಕ್ಕೆ ತಿರುಗಿರೋದು) 1/8 ಇಂಚು. ಅಲೈನ್‌ಮೆಂಟ್ ಹುಡುಗನಿಗೆ ಶಿಮ್ ಹಾಕೋಕೆ ಬರತ್ತಾ ಅಂತ ಮುಂಚೆನೇ ಕೇಳಿ, ನಿಮ್ ಗಾಡೀಲಿ ಕ್ಯಾಂಬರ್ ಸರಿಮಾಡೋದು ಶಿಮ್‌ನಲ್ಲೇ, 67ರ ಗಾಡಿಯಿಂದ ಲೋವರ್ ಆರ್ಮ್‌ಗೆ ತಿರುಗಿಸಿ ಸರಿಮಾಡೋ ಕ್ಯಾಮ್ ಬೋಲ್ಟ್ ಬಂತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಟೈರ್ ಫೆಂಡರ್‌ಗೆ ತಾಗತ್ತಾ ಅದನ್ನೂ ನೋಡ್ಬಿಡಿ.

ಆಮೇಲೆ ಆರ್ಮ್ ಹೊರಗಿದ್ದಾಗ್ಲೇ ಅದರ ಬುಶ್‌ಗೆ ಚೆನ್ನಾಗಿ ಗ್ರೀಸ್ ಹೊಡೀರಿ, ಗಾಡೀಲಿ ಇರುವಾಗ ಗ್ರೀಸ್ ಗನ್ ಅಲ್ಲಿಗೆ ತೂರಲ್ಲ. ಹಳೇ ಮಸ್ಟಾಂಗ್ ಹಂಪ್ ಮೇಲೆ ಹೋದಾಗ ಹಳೇ ಮಂಚದ ಥರ ಕಿರ್ರ್ ಅನ್ನತ್ತಲ್ಲ, ಅದು ಈ ಬುಶ್ ಒಣಗಿರೋ ಸದ್ದು.