ಶಾಲೆ ಬಿಟ್ಟ ಮೇಲಿನ ಪಾಠಕ್ಕೆ ದುಡ್ಡು ಯಾರು ಕೊಡುತ್ತಾರೆ? ಕಾಸರಗೋಡಿನಿಂದ ಒಂದು ಉತ್ತರ

ನಿಮ್ಮ ಪ್ರಶ್ನೆ ಇಷ್ಟು: ಕಾಸರಗೋಡಿನ ಕನ್ನಡ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಪಾಠ ಹೇಳುವವರಿಗೆ, ಊರಿನ ಯುವಕರನ್ನು ಸೇರಿಸಿಕೊಂಡು ಶಿಬಿರ ನಡೆಸುವವರಿಗೆ ತರಬೇತಿ ಎಲ್ಲಿ ಸಿಗುತ್ತದೆ, ಹಣ ಎಲ್ಲಿಂದ ಬರುತ್ತದೆ, ಬೆಂಗಳೂರಿನಲ್ಲಿರುವ ನೀವು ಎಲ್ಲಿ ಕೈಜೋಡಿಸಬಹುದು. ಒಂದೇ ಕಚೇರಿಯ ವಿಳಾಸ ಕೊಟ್ಟು ಮುಗಿಸುವ ಹಾಗಿದ್ದರೆ ಚೆನ್ನಾಗಿತ್ತು. ಇಲ್ಲಿ ಹಣ ಮತ್ತು ವ್ಯವಸ್ಥೆ ತಿರುವನಂತಪುರದ ಕಡೆಯಿಂದ ಬರುತ್ತವೆ, ಕನ್ನಡದ ಸಾಮಗ್ರಿ ಕರ್ನಾಟಕದ ಕಡೆಯಿಂದ ಬರುತ್ತದೆ. ಯಾವುದನ್ನು ಯಾರ ಬಳಿ, ಯಾವ ತಿಂಗಳಲ್ಲಿ ಕೇಳಬೇಕು ಎಂದು ತಿಳಿದವರ ತರಗತಿ ಮಾತ್ರ ನಡೆಯುತ್ತದೆ.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಮಹಾಜನ ಆಯೋಗ ಶಿಫಾರಸು ಮಾಡಿದ್ದು, ಅದು ಕಡತದಲ್ಲೇ ಉಳಿದದ್ದು ನಿಮಗೂ ಗೊತ್ತಿರುವ ಕತೆ. ಹೊರಗಿನಿಂದ ಬರುವವರು ಅದನ್ನೇ ಕೇಳಿ, ಅದನ್ನೇ ಬರೆದುಕೊಂಡು ಹೋಗುತ್ತಾರೆ. ನಿಮಗೆ ಬೇಕಾದ ಸಂಗತಿ ಬೇರೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಕನ್ನಡ ಮಾಧ್ಯಮದ ಮಗು ಓದುವುದು ಕೇರಳದ ಪಠ್ಯಕ್ರಮವನ್ನು. ಪುಸ್ತಕ ಕನ್ನಡದ್ದೇ, ಆದರೆ ಅದು ಕೇರಳದ ಪಠ್ಯಪುಸ್ತಕ ಸಿದ್ಧಪಡಿಸುವ ಸರಕಾರಿ ಸಂಸ್ಥೆ ಎಸ್‌ಸಿಇಆರ್‌ಟಿಯ ಪುಸ್ತಕ. ನಾಲ್ಕನೆಯ ತರಗತಿಯಲ್ಲಿ ಒಂದು, ಏಳನೆಯದರಲ್ಲಿ ಇನ್ನೊಂದು ವಿದ್ಯಾರ್ಥಿವೇತನ ಪರೀಕ್ಷೆ. ಚಳಿಗಾಲ ಬಂತೆಂದರೆ ಶಾಲಾ ಮಕ್ಕಳ ಕಲಾ ಸ್ಪರ್ಧೆಗಳ ಕಲೋತ್ಸವ. ಆದ್ದರಿಂದ ಕರ್ನಾಟಕದ ಪಠ್ಯಕ್ಕೆ ತಕ್ಕಂತೆ ಸಿದ್ಧಪಡಿಸಿದ ಅಭ್ಯಾಸ ಪುಸ್ತಕಗಳನ್ನು ರಾಶಿ ರಾಶಿ ಕಳಿಸಿದರೆ ನಾವು ಸಂಕೋಚದಿಂದ ತೆಗೆದುಕೊಳ್ಳುತ್ತೇವೆ, ಆಮೇಲೆ ಅವು ಕಪಾಟಿನ ಮೇಲಿನ ಸಾಲಿಗೆ ಹೋಗುತ್ತವೆ.

ಇನ್ನು ಮನೆಯ ಮಾತು. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಎಲ್ಲವೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ. ನಮ್ಮ ಗ್ರಂಥಾಲಯದ ಸಂಜೆ ತರಗತಿಯಲ್ಲಿ ಭಿನ್ನರಾಶಿ ಕಲಿಸುವುದನ್ನು ನೀವು ನೋಡಬೇಕು. ಹುಡುಗಿ ಲೆಕ್ಕವನ್ನು ಪುಸ್ತಕದ ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಾಳೆ, ಪಕ್ಕದವಳ ಜೊತೆ ತುಳುವಿನಲ್ಲಿ ಚರ್ಚಿಸುತ್ತಾಳೆ, ಹಿಂದಿನ ಬೆಂಚಿನ ಹುಡುಗನಿಗೆ ಮಲಯಾಳದಲ್ಲಿ ಬೈಯುತ್ತಾಳೆ, ಉತ್ತರವನ್ನು ಮತ್ತೆ ಕನ್ನಡದಲ್ಲಿ ಬರೆಯುತ್ತಾಳೆ. ಟೀಚರ್ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ನಾಲ್ಕಾಗಿ ಮಡಚಿ, ಒಂದು ಭಾಗ ಹರಿದು ತೋರಿಸಿದ ಮೇಲೆ ಎಲ್ಲ ಭಾಷೆಯವರಿಗೂ ಕಾಲು ಭಾಗ ಅರ್ಥವಾಗುತ್ತದೆ. ಈ ಟೀಚರಿಗೆ ಬೇಕಾದ ತರಬೇತಿ ಇಂಥದ್ದು: ಹಲವು ಮನೆಮಾತಿನ ಮಕ್ಕಳಿಗೆ ಒಂದೇ ಕನ್ನಡ ಪುಸ್ತಕದಿಂದ ಕಲಿಸುವುದು ಹೇಗೆ. ಅದನ್ನು ಯಾರೂ ಕೊಡುತ್ತಿಲ್ಲ ಎಂಬುದೇ ನಮ್ಮ ದೊಡ್ಡ ತಕರಾರು.

ಆಕೆ ಯಾರು ಎಂಬುದನ್ನೂ ಹೇಳಬೇಕು. ಸಾಮಾನ್ಯವಾಗಿ ಬಿ.ಎಡ್ ಅಥವಾ ಡಿ.ಎಲ್.ಎಡ್ ಮುಗಿಸಿ, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಬರೆದು, ಸರಕಾರಿ ನೇಮಕಾತಿ ಮಾಡುವ ಕೇರಳ ಪಿಎಸ್‌ಸಿಯ ರ‍್ಯಾಂಕ್ ಪಟ್ಟಿಯನ್ನು ಕಾಯುತ್ತಿರುವವರು. ಹಗಲು ಯಾವುದಾದರೂ ಶಾಲೆಯಲ್ಲಿ ದಿನಗೂಲಿ ಅಧ್ಯಾಪಕಿ, ಸಂಜೆ ಗ್ರಂಥಾಲಯದಲ್ಲೋ ಕ್ಲಬ್ಬಿನ ಕಟ್ಟಡದಲ್ಲೋ ಪಾಠ. ಪಟ್ಟಿಯಲ್ಲಿ ಹೆಸರು ಬಂದ ದಿನ ಊರಿಗೆಲ್ಲ ಸಂತೋಷ, ನಮ್ಮ ತರಗತಿಗೆ ಮಾತ್ರ ಬೀಗ. ಒಬ್ಬರಿಗೆ ಕೊಟ್ಟ ತರಬೇತಿ ಅವರ ಜೊತೆಗೇ ಹೋಗುತ್ತದೆ. ಯಾವುದೇ ಯೋಜನೆ ಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಣ ಹಾಕಿದರೆ ಎರಡನೆಯ ವರ್ಷಕ್ಕೆ ಬೇಸರಪಡುತ್ತಾರೆ.

ಈಗ ಕೇರಳದ ಕಡೆಯ ಹಣ. ಇದರಲ್ಲಿ ನಮಗೆ ಹೊಟ್ಟೆ ತುಂಬ ಹೆಮ್ಮೆ ಇದೆ ಎಂದರೆ ಗಡಿಯಾಚೆಯ ಕೆಲವು ಕನ್ನಡಾಭಿಮಾನಿಗಳಿಗೆ ಇಷ್ಟವಾಗುವುದಿಲ್ಲ, ಆದರೂ ಹೇಳುತ್ತೇನೆ. ಕೇರಳದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1989ರದ್ದು. ಕಟ್ಟಡ ತೆರಿಗೆಯ ಮೇಲೆ ಶೇ. 5ರ ಗ್ರಂಥಾಲಯ ಸೆಸ್ ಇದೆ. ಊರವರೇ ಕಟ್ಟಿದ ಗ್ರಂಥಾಲಯ ರಾಜ್ಯ ಗ್ರಂಥಾಲಯ ಮಂಡಳಿಯ ಮಾನ್ಯತೆ ಪಡೆದರೆ ದರ್ಜೆಗೆ ತಕ್ಕಂತೆ ವರ್ಷಕ್ಕೊಮ್ಮೆ ಅನುದಾನ ಸಿಗುತ್ತದೆ. ಆ ಗ್ರಂಥಾಲಯದೊಳಗೆ ಮಕ್ಕಳ ವಿಭಾಗವಾಗಿ ಬಾಲವೇದಿ ಇರುತ್ತದೆ. ನಮ್ಮ ಸಂಜೆ ತರಗತಿಗಳಲ್ಲಿ ಬಹಳಷ್ಟು ಕಾಗದದ ಮೇಲೆ ಬಾಲವೇದಿಯ ಚಟುವಟಿಕೆಗಳೇ. ಕೊರತೆ ಎಲ್ಲಿ ಎಂದರೆ, ಈ ಅನುದಾನ ಮುಖ್ಯವಾಗಿ ಪುಸ್ತಕಕ್ಕೆ ಮತ್ತು ಗ್ರಂಥಾಲಯ ನಡೆಸುವುದಕ್ಕೆ. ಪಾಠ ಹೇಳುವವರ ಕೈಗೆ ಅದರಿಂದ ಏನೂ ಸಿಗದು. ಜಿಲ್ಲಾ ಮಂಡಳಿ ನಡೆಸುವ ಪುಸ್ತಕ ಮೇಳದಲ್ಲಿ ಕನ್ನಡ ಮಕ್ಕಳ ಪುಸ್ತಕ ಹುಡುಕುವುದೂ ಒಂದು ಸಾಹಸ.

ಗೌರವಧನಕ್ಕೆ ಪಂಚಾಯಿತಿಯ ಬಾಗಿಲು ತಟ್ಟಬೇಕು. 1996ರ ಜನಕೀಯ ಯೋಜನೆಯ ಕಾಲದಿಂದ ಕೇರಳದ ಪಂಚಾಯಿತಿಗಳಿಗೆ ತಮ್ಮದೇ ಯೋಜನಾ ಹಣ ಇದೆ. ವಾರ್ಡಿನ ಗ್ರಾಮಸಭೆಯಲ್ಲಿ ವಿಷಯ ಬರಬೇಕು, ಕಾರ್ಯತಂಡ ಅದನ್ನು ಯೋಜನೆಯ ರೂಪಕ್ಕೆ ತರಬೇಕು, ಅಭಿವೃದ್ಧಿ ವಿಚಾರಗೋಷ್ಠಿಯಲ್ಲಿ ಚರ್ಚೆಯಾಗಬೇಕು, ಕೊನೆಗೆ ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು. ಏಪ್ರಿಲ್‌ನಲ್ಲಿ ಶುರುವಾಗುವ ವರ್ಷದ ಹಣವನ್ನು ಏಪ್ರಿಲ್‌ನಲ್ಲಿ ಕೇಳಲು ಹೋದವನಿಗೆ ಚಹಾ ಸಿಗುತ್ತದೆ, ಹಣ ಸಿಗುವುದಿಲ್ಲ. ಹಿಂದಿನ ವರ್ಷದ ಗ್ರಾಮಸಭೆಯಲ್ಲೇ ನಾಲ್ಕು ಜನ ತಾಯಂದಿರು ಎದ್ದು ನಿಂತು ಕೇಳಿರಬೇಕು. ತಾಯಂದಿರು ಎಂದು ಸುಮ್ಮನೆ ಹೇಳಲಿಲ್ಲ. ಅವರು ಕೇರಳ ಸರಕಾರದ ಮಹಿಳಾ ಸ್ವಸಹಾಯ ಗುಂಪುಗಳ ಜಾಲವಾದ ಕುಟುಂಬಶ್ರೀಯ ಸದಸ್ಯರಾಗಿರುತ್ತಾರೆ, ಕುಟುಂಬಶ್ರೀಯ ಅಡಿಯಲ್ಲೇ ಮಕ್ಕಳ ಬಾಲಸಭೆಗಳಿವೆ, ವಾರ್ಡ್ ಸದಸ್ಯರು ಅವರ ಮಾತಿಗೆ ಕೊಡುವ ಬೆಲೆಯನ್ನು ನಮ್ಮ ಅರ್ಜಿಗೆ ಕೊಡುವುದಿಲ್ಲ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಆಡಳಿತ ಭಾಷಾ ಕಾಯಿದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಆ ಹಕ್ಕು ಇದೆ. ಹಕ್ಕು ಇದೆ ಎಂದ ಮಾತ್ರಕ್ಕೆ ಮೇಜಿನ ಆಚೆ ಕುಳಿತವರಿಗೆ ಕನ್ನಡ ಓದಲು ಬರುತ್ತದೆ ಎಂದಲ್ಲ. ಮಲಯಾಳದ ಪ್ರತಿಯನ್ನೂ ಜೊತೆಗೆ ಲಗತ್ತಿಸುವುದು ಜಾಣತನ.

ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ಸರಿಯಾದ ಮಾದರಿ ಪರಿಶಿಷ್ಟ ಪಂಗಡ ಅಭಿವೃದ್ಧಿ ಇಲಾಖೆಯ ಸಾಮೂಹಿಕ ಅಧ್ಯಯನ ಕೊಠಡಿಗಳದ್ದು. ಕಾಲೊನಿಯ ಒಳಗೇ ಒಂದು ಕೋಣೆ, ಅಲ್ಲಿ ಓದಲು ಮೇಜು, ಕಂಪ್ಯೂಟರ್, ಮತ್ತು ಅದೇ ಸಮುದಾಯದಿಂದ ಬಂದ ಓದಿದ ಯುವಕ ಅಥವಾ ಯುವತಿಗೆ ಗೌರವಧನ. ಕೊರಗ ಸಮುದಾಯದ ಮಕ್ಕಳಿಗೆ ದಾಟಬೇಕಾದ ದೂರ ಎಲ್ಲರಿಗಿಂತ ಹೆಚ್ಚು. ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ, ಶಾಲೆ ಬಿಡುವುದೂ ಸುಲಭ. ಅಂಥ ಕಡೆ ಕಾಲೊನಿಯ ಅಕ್ಕನೇ ಪಾಠಕ್ಕೆ ಕುಳಿತಾಗ ಆಗುವ ವ್ಯತ್ಯಾಸವನ್ನು ಯಾವ ದೊಡ್ಡ ತರಬೇತಿದಾರರೂ ತರಲಾರರು. ಆಕೆಗೆ ತಿಂಗಳ ಹಣ ತಪ್ಪದೆ ಬಂದರೆ ಸಾಕು, ಉಳಿದದ್ದನ್ನು ಆಕೆ ನೋಡಿಕೊಳ್ಳುತ್ತಾಳೆ.

ತರಬೇತಿಯ ವಿಷಯಕ್ಕೆ ಬಂದರೆ ಮುಖ ಸ್ವಲ್ಪ ಸಪ್ಪೆಯಾಗುತ್ತದೆ. ಶಾಲಾ ಅಧ್ಯಾಪಕರಿಗೆ ಮಾಯಿಪ್ಪಾಡಿಯಲ್ಲಿ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಡಯಟ್ ಇದೆ, ಸಮಗ್ರ ಶಿಕ್ಷಾದ ಬ್ಲಾಕ್ ಸಂಪನ್ಮೂಲ ಕೇಂದ್ರಗಳಿವೆ, ಕಂಪ್ಯೂಟರ್ ಕಲಿಕೆಗೆ ಕೈಟ್ ಸಂಸ್ಥೆ ಇದೆ. ಸಂಜೆ ಪಾಠದವರು ಇವರ ಯಾರ ಪಟ್ಟಿಯಲ್ಲೂ ಇಲ್ಲ. ಪರಿಚಯದವರಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಲು ಬಿಡುತ್ತಾರೆ, ಅಷ್ಟೇ. ಗ್ರಂಥಾಲಯದ, ಬಾಲಸಭೆಯ, ಪಂಚಾಯಿತಿ ಮಟ್ಟದ ತರಬೇತಿಗಳಿಗೆ ನಮ್ಮನ್ನು ಕರೆಯುತ್ತಾರೆ, ಆದರೆ ಅವು ಮಲಯಾಳದಲ್ಲಿರುತ್ತವೆ. ಅಂಥ ಒಂದು ಶಿಬಿರದಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳಿಗೆ ಮಕ್ಕಳ ನಾಟಕದ ಹಾಳೆ ಕೊಟ್ಟರು. ಆಕೆ ಮಲಯಾಳ ಚೆನ್ನಾಗಿಯೇ ಮಾತನಾಡುತ್ತಾಳೆ, ಆದರೆ ಮಂಗಳೂರಿನಲ್ಲಿ ಓದಿದ್ದರಿಂದ ಲಿಪಿ ಬಾರದು. ಪಕ್ಕದವರಿಂದ ಓದಿಸಿಕೊಂಡು, ಹಾಳೆಯ ಅಂಚಿನಲ್ಲಿ ಕನ್ನಡದಲ್ಲಿ ಗೀಚಿಕೊಂಡು ಬಂದಳು. ಮರುವಾರ ಮಕ್ಕಳಿಂದ ಅದೇ ನಾಟಕವನ್ನು ಆಡಿಸಿದಳು, ಚೆನ್ನಾಗಿಯೇ ಆಯಿತು. ಹಾಗೆಂದು ಎಲ್ಲರೂ ಹಾಗೆ ಗೀಚಿಕೊಳ್ಳುತ್ತಾ ಕೂರಬೇಕೇ?

ಯಕ್ಷಗಾನ ಕಲಿಸುವವರ ಸ್ಥಿತಿ ಸ್ವಲ್ಪ ಮೇಲು. ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆ ಇರುವುದರಿಂದ ಶಾಲೆಗಳಿಗೆ ಗುರುಗಳು ಬೇಕೇ ಬೇಕು. ಕೇರಳದ ಸಂಸ್ಕೃತಿ ಇಲಾಖೆ ಸ್ಥಳೀಯಾಡಳಿತದ ಜೊತೆ ಸೇರಿ ನಡೆಸುವ ವಜ್ರಮಹೋತ್ಸವ ಫೆಲೋಶಿಪ್‌ನಲ್ಲಿ ಯುವ ಕಲಾವಿದರಿಗೆ ತಿಂಗಳ ಹಣ ಕೊಟ್ಟು ಊರವರಿಗೆ ಉಚಿತವಾಗಿ ಕಲೆ ಕಲಿಸುವ ವ್ಯವಸ್ಥೆ ಇದೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕುಂಬಳೆಯ ಪಾರ್ತಿಸುಬ್ಬನ ಊರಿನವರು ಇದಕ್ಕೆ ಅರ್ಜಿ ಹಾಕದೆ ಮತ್ತೆ ಯಾರು ಹಾಕಬೇಕು?

ಕರ್ನಾಟಕದ ಕಡೆಗೆ ಬರೋಣ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ 2010ರ ಕಾಯಿದೆಯಿಂದ ಬಂದದ್ದು; ಅಲ್ಲಿಂದ ಗಡಿಯಾಚೆಯ ಕನ್ನಡ ಶಾಲೆಗಳಿಗೆ, ಸಂಸ್ಥೆಗಳಿಗೆ ನೆರವು ಬರುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ಕಾರ್ಯಕ್ರಮಗಳಿಗೆ ಧನಸಹಾಯ ಇದೆ. ಕನ್ನಡ ಸಾಹಿತ್ಯ ಪರಿಷತ್ತಿಗೆ ಕೇರಳ ಗಡಿನಾಡ ಘಟಕವೇ ಇದೆ. ಉಪಕಾರ ಸ್ಮರಿಸುತ್ತಲೇ ಒಂದು ಮಾತು ಹೇಳಬೇಕು: ಈ ಹಣ ಕಟ್ಟಡವನ್ನು, ಒಂದು ದಿನದ ಸಮ್ಮೇಳನವನ್ನು ಪ್ರೀತಿಸಿದಷ್ಟು ಪ್ರತಿ ಸಂಜೆಯ ಪಾಠವನ್ನು ಪ್ರೀತಿಸುವುದಿಲ್ಲ. ಶಾಲು, ಹಾರ, ಫ್ಲೆಕ್ಸ್‌ಗೆ ಲೆಕ್ಕ ತೋರಿಸುವುದು ಸುಲಭ. ಟೀಚರಿಗೆ ಹತ್ತು ತಿಂಗಳು ಕೊಟ್ಟ ಗೌರವಧನಕ್ಕೆ ರಶೀದಿ ಜೋಡಿಸುವುದು ಕಷ್ಟ. ಮತ್ತೊಂದು ತೊಡಕು ನೋಂದಣಿಯದು. ನಮ್ಮ ಸಂಘಗಳು ಕೇರಳದಲ್ಲಿ, ಮಲಬಾರಿನಲ್ಲಿ ಇಂದಿಗೂ ನಡೆಯುವ 1860ರ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿತವಾದವು. ಕರ್ನಾಟಕದ ಅರ್ಜಿ ನಮೂನೆಗಳನ್ನು ಬರೆದವರ ತಲೆಯಲ್ಲಿ ಇರುವುದು 1960ರ ಕರ್ನಾಟಕದ ಕಾಯಿದೆ. ಜಿಲ್ಲೆಯ ಹೆಸರು ಆರಿಸಿ ಎಂದು ಅರ್ಜಿ ಕೇಳಿದಾಗ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಇಲ್ಲದಿದ್ದರೆ, ಮುಂದಿನ ಪುಟ ತೆರೆಯುವುದೇ ಇಲ್ಲ. ಬೆಂಗಳೂರಿನಲ್ಲಿರುವ ಒಬ್ಬರು ಆ ಕಚೇರಿಗೆ ಹೋಗಿ ಹೊರರಾಜ್ಯದ ಸಂಸ್ಥೆಗಳು ಯಾವ ದಾರಿಯಲ್ಲಿ ಬರಬೇಕು ಎಂದು ಲಿಖಿತವಾಗಿ ಕೇಳಿ ತಂದರೆ, ಅದೇ ದೊಡ್ಡ ಸೇವೆ.

ಕೇಂದ್ರದ ಯುವಜನ ಕಾರ್ಯಕ್ರಮಗಳು ಬಹುಪಾಲು 15ರಿಂದ 29ರ ವಯಸ್ಸಿನವರಿಗೆ. ಹಿಂದೆ ನೆಹರು ಯುವ ಕೇಂದ್ರ ಎನ್ನುತ್ತಿದ್ದ ವ್ಯವಸ್ಥೆಯನ್ನು ಈಗ ಮೈ ಭಾರತ್ ವೇದಿಕೆಗೆ ಜೋಡಿಸಲಾಗಿದೆ. ಕ್ಲಬ್ಬುಗಳಿಗೆ ಕ್ರೀಡೆ, ನಾಯಕತ್ವ ಶಿಬಿರಕ್ಕೆ ಅದು ಸಾಕು, ಸಂಜೆ ಪಾಠಕ್ಕೆ ಅಲ್ಲ. ಕಂಪನಿಗಳ ಸಾಮಾಜಿಕ ಹೊಣೆಯ ಸಿಎಸ್‌ಆರ್ ಹಣ ಕೊಡಿಸುತ್ತೇನೆ ಎನ್ನುವವರು ವರ್ಷಕ್ಕೊಬ್ಬರಾದರೂ ಬರುತ್ತಾರೆ. ಅದಕ್ಕೆ 12ಎ, 80ಜಿ, ಸಿಎಸ್‌ಆರ್-1 ಎಂಬ ನೋಂದಣಿಗಳೆಲ್ಲ ಬೇಕು. ಹಳ್ಳಿಯ ಗ್ರಂಥಾಲಯಕ್ಕೆ ಅದರ ಲೆಕ್ಕಪರಿಶೋಧಕರ ಶುಲ್ಕವೇ ಭಾರ. ವಿದೇಶಿ ಪೌರತ್ವ ಪಡೆದ ನಿಮ್ಮ ಗೆಳೆಯರು ಹಣ ಕಳಿಸುತ್ತೇನೆ ಎಂದರೆ ಮೊದಲೇ ತಡೆಯಿರಿ: ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯಿದೆಯ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ವಿದೇಶಿ ದೇಣಿಗೆ ಮುಟ್ಟುವಂತಿಲ್ಲ, 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಸಂಸ್ಥೆಯೂ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಹಾಗಾದರೆ ನೀವೇನು ಮಾಡಬಹುದು? ಮೊದಲನೆಯದು, ಒಂದು ದಿನದ ಕಾರ್ಯಾಗಾರ ಬೇಡ. ಬೆಳಿಗ್ಗೆ ಬಂದು, ಸಂಜೆ ಪ್ರಮಾಣಪತ್ರ ಹಂಚಿ, ತಲಪಾಡಿಯ ಗಡಿ ದಾಟಿ ಹೋಗುವವರು ಸಾಕಷ್ಟು ಇದ್ದಾರೆ. ಹಣ ಕೊಡುವ ಮನಸ್ಸಿದ್ದರೆ ಒಂದು ಗ್ರಂಥಾಲಯದ ಒಬ್ಬ ಟೀಚರಿಗೆ ಜೂನ್‌ನಿಂದ ಮಾರ್ಚ್‌ವರೆಗೆ ಗೌರವಧನ ಕೊಡಿ, ಆಕೆ ನಡುವೆ ಬಿಟ್ಟು ಹೋದರೆ ಮತ್ತೊಬ್ಬರಿಗೆ ಮುಂದುವರಿಸುವ ಷರತ್ತು ಹಾಕಿ. ಸಮಿತಿಯ ಖಾತೆಗೇ ಹಾಕಿ, ವ್ಯಕ್ತಿಯ ಖಾತೆಗೆ ಬೇಡ. ನಂಬಿಕೆ ಇಲ್ಲವೆಂದಲ್ಲ, ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನೆ ಬರುತ್ತದೆ.

ಎರಡನೆಯದು, ಕನ್ನಡದಲ್ಲಿ ತರಬೇತಿಯ ಸಾಮಗ್ರಿ. ಪಠ್ಯಕ್ಕೆ ಅಂಟಿಕೊಳ್ಳದ, ಕತೆ, ಆಟ, ಗಣಿತದ ಚಟುವಟಿಕೆಗಳಿಗೆ ಗಡಿಯ ತೊಂದರೆ ಇಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮುಕ್ತ ಪರವಾನಗಿಯ ಕನ್ನಡ ಕತೆಗಳಿವೆ. ನಾವು ಮುದ್ರಿಸಿ, ಹೊಲಿದು, ಮಕ್ಕಳ ಕೈಗೆ ಕೊಡುತ್ತೇವೆ. ಇದನ್ನು ಬಳಸುವುದು ಹೇಗೆ ಎಂದು ತಿಂಗಳಿಗೊಮ್ಮೆ ಒಂದು ತಾಸು ಮೊಬೈಲಿನಲ್ಲೇ ಮಾತನಾಡುವವರು ಸಿಕ್ಕರೆ ಸಾಕು. ಕಾಸರಗೋಡಿನ ಸರಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲಿ ಓದುವ ಹುಡುಗ ಹುಡುಗಿಯರನ್ನು ಅದಕ್ಕೆ ಸೇರಿಸಿಕೊಳ್ಳಬಹುದು. ಮುಂದಿನ ಟೀಚರುಗಳು ಅವರೇ.

ಮೂರನೆಯದು ದೊಡ್ಡ ಮಕ್ಕಳಿಗೆ ಸಂಬಂಧಿಸಿದ್ದು. ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಹೆಸರು ಅದರಲ್ಲಿದೆ. ಯಾವ ದಾಖಲೆ ಬೇಕು, ಕನ್ನಡ ಪರೀಕ್ಷೆ ಹೇಗಿರುತ್ತದೆ ಎಂಬುದನ್ನು ಹನ್ನೊಂದನೆಯ ತರಗತಿಯಲ್ಲೇ ಹೇಳಿಕೊಡುವವರು ಬೇಕು. ಈಗ ಅದು ಬಾಯಿಂದ ಬಾಯಿಗೆ ಹರಡುವ ಮಾಹಿತಿ, ಅರ್ಧ ತಪ್ಪು.

ಬರುವುದಾದರೆ ಏಪ್ರಿಲ್, ಮೇ ರಜೆಯಲ್ಲಿ ಬನ್ನಿ. ಜೂನ್ 1ಕ್ಕೆ ಶಾಲೆ ಶುರುವಾಗುತ್ತದೆ, ಆಮೇಲೆ ಮಳೆ. ಸಂಜೆ ಐದಕ್ಕೇ ಮಕ್ಕಳನ್ನು ಮನೆಗೆ ಕಳಿಸಬೇಕಾಗುತ್ತದೆ. ಹೊರಡುವ ಮೊದಲು ಪಂಚಾಯಿತಿಯ ಆರೋಗ್ಯ-ಶಿಕ್ಷಣ ಸ್ಥಾಯಿ ಸಮಿತಿಯ ಅಧ್ಯಕ್ಷರಿಗೆ ಒಂದು ಪತ್ರ ಬರೆಯಿರಿ, ಪ್ರತಿಯನ್ನು ನಮಗೂ ಕಳಿಸಿ. ಅವರು ಮಾತುಕತೆಯಲ್ಲಿ ಇದ್ದರೆ ನೀವು ಆರಂಭಿಸಿದ್ದನ್ನು ಮುಂದಿನ ವರ್ಷದ ಯೋಜನೆಗೆ ಸೇರಿಸಿ ಎಂದು ಗ್ರಾಮಸಭೆಯಲ್ಲಿ ಕೇಳಲು ನಮಗೂ ಒಂದು ಆಧಾರ ಸಿಗುತ್ತದೆ.