ಗಾಡಿ ನಿಲ್ಲುವ ಕಡೆ ನರ್ಸರಿ ಹಾಕಿ

ಮೂಡುಬಿದಿರೆಯ ಹತ್ತಿರ, ಚತುಷ್ಪಥವಾಗುತ್ತಿರುವ ರಾಷ್ಟ್ರೀಯ ಹೆದ್ದಾರಿ 169ರ ಅಂಚಿನಲ್ಲಿ ನರ್ಸರಿ ಹಾಕಲು ಸಾಲಕ್ಕೆ ಅರ್ಜಿ ಕೊಟ್ಟಿದ್ದೇನೆ ಎಂದು ಬರೆದಿದ್ದೀರಿ. ಮಾರಾಯರೇ, ಸಾಲದ ಹಣ ಕೈಗೆ ಬರುವ ಮೊದಲು ಒಮ್ಮೆ ಯೋಚಿಸಿ. ಕಾಪುವಿನ ಆಚೆ ಹೆದ್ದಾರಿ 66ರ ಬದಿಯಲ್ಲಿ ನಾನು ಇದನ್ನೇ ಮಾಡಿ ಕೈಸುಟ್ಟುಕೊಂಡವನು.

ರಸ್ತೆ ಕಿರಿದಾಗಿದ್ದಾಗ ಗೋಳಿಮರದ ನೆರಳಿಗೆ ಕಾರುಗಳು ನಿಲ್ಲುತ್ತಿದ್ದವು. ಅಗಲವಾದರೆ ವ್ಯಾಪಾರ ದುಪ್ಪಟ್ಟಾಗುತ್ತದೆ ಎಂದುಕೊಂಡು ಆರುನೂರು ಕಸಿಗಿಡ ತಂದಿಟ್ಟೆ. ಮರ ಹೋಯಿತು, ನಡುವೆ ವಿಭಜಕ ಬಂತು, ಸರ್ವಿಸ್ ರಸ್ತೆ ನಮ್ಮ ಗೇಟು ಮುಟ್ಟುವ ಮೊದಲೇ ಮುಗಿಯಿತು. ಒಬ್ಬರು ಆಚೆ ಬದಿಯಲ್ಲಿ ಕಾರು ನಿಲ್ಲಿಸಿ, ತಿರುಗುವುದು ಎಲ್ಲಿ ಎಂದು ಕೈಸನ್ನೆಯಲ್ಲೇ ಕೇಳಿದರು. ನಾನು ಮುಂದಕ್ಕೆ ಕೈ ತೋರಿಸಿದೆ. ಹೋದವರು ಮರಳಲಿಲ್ಲ. ಆ ಮಳೆಗಾಲದಲ್ಲಿ ಮಾರಾಟವಾಗದೆ ಉಳಿದ ಹಲಸಿನ ಕಸಿಗಳ ಬೇರು ಪ್ಲಾಸ್ಟಿಕ್ ತೊಟ್ಟೆ ಒಡೆದು ನೆಲಕ್ಕೆ ಇಳಿದಿತ್ತು. ಎತ್ತಿದರೆ ಬೇರು ಹರಿಯುವ ಸದ್ದು ಕೇಳುತ್ತಿತ್ತು.

ಹೆದ್ದಾರಿಯಿಂದ ಊರು ಬೆಳೆಯುವುದು ನಿಜ. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ ಸುವರ್ಣ ಚತುಷ್ಪಥದ ಹತ್ತು ಕಿಲೋಮೀಟರ್ ಒಳಗಿನ ಜಿಲ್ಲೆಗಳಲ್ಲಿ ಕಾರ್ಖಾನೆಗಳ ಉತ್ಪಾದನೆ ಏರಿದ್ದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಆದರೆ ಹಣ ಓಡಾಡುವುದು ಸರಕು ಏರಿಳಿಯುವ ಜಂಕ್ಷನ್, ಬಂದರುಗಳಲ್ಲಿ. ನಡುವಿನ ಗದ್ದೆಯವನಿಗೆ ಧೂಳು. ಶಂಕರಪುರದ ಮಲ್ಲಿಗೆಯನ್ನು ಮುಂಬಯಿಯತ್ತ ಬೇಗ ಒಯ್ಯುವ ರಸ್ತೆಯೇ ಹೊರಗಿನ ತರಕಾರಿಯನ್ನೂ ತಂದು ಸುರಿಯುತ್ತದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಘಟ್ಟದ ಮೇಲಿನ ತರಕಾರಿ ಬರುವ ದಾರಿ ಮುಚ್ಚಿದಾಗ ನಮ್ಮ ಬಸಳೆ, ಅಲಸಂಡೆಯನ್ನು ಕೇಳುವವರು ಹೆಚ್ಚುವುದನ್ನು ನಾನೇ ಕಂಡಿದ್ದೇನೆ.

ಆದ್ದರಿಂದ ಒಂದು ಭಾನುವಾರ, ಒಂದು ವಾರದ ದಿನ, ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಲೆಕ್ಕದ ಪುಸ್ತಕ ಹಿಡಿದು ನೀವು ನರ್ಸರಿ ಹಾಕಬೇಕೆಂದಿರುವ ಜಾಗದಲ್ಲಿ ಕುಳಿತುಕೊಳ್ಳಿ. ಓಡುವ ಗಾಡಿಗಳನ್ನು ಬಿಡಿ, ನಿಂತವುಗಳನ್ನು ಮಾತ್ರ ಎಣಿಸಿ. ಹೀಗೆ ಎಣಿಸಿಯೇ ಕಟಪಾಡಿಯಲ್ಲಿ ಶಿರ್ವದ ರಸ್ತೆ ಕೂಡುವ ಕಡೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಬಾಡಿಗೆಗೆ ಜಾಗ ಹಿಡಿದೆ. ಈಗ ಬದುಕು ಅಲ್ಲಿಂದಲೇ ನಡೆಯುತ್ತಿದೆ. ಕಾಮಗಾರಿ ಮುಗಿಯದ ರಸ್ತೆಯಲ್ಲಿ ಇಂದಿನ ಎಣಿಕೆ ನಾಳೆಗೆ ಹೊಂದದು. ಅಂಡರ್‌ಪಾಸ್, ತಿರುವು ಎಲ್ಲಿ ಬರುತ್ತವೆ ಎಂದು ನಕ್ಷೆ ನೋಡದೆ ಮುಂಗಡ ಕೊಡಬೇಡಿ. ಗೇಟಿನಿಂದ ಹೆದ್ದಾರಿಗೆ ದಾರಿ ಬಿಡಿಸಲು ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇಕು. ದಲ್ಲಾಳಿ ಇದನ್ನು ಹೇಳುವುದಿಲ್ಲ, ನೀವೂ ಕೇಳುವುದಿಲ್ಲ!

ಜಾಗ ಸ್ವಂತದ್ದಾಗಿದ್ದು ಅದರ ತುಂಡು ರಸ್ತೆಗೆ ಹೋಗುವುದಾದರೆ ಅಧಿಕಾರಿಗಳು ಒಟ್ಟಾಗಿ ಬಂದು ಜಾಗ ಅಳೆಯುವ ಜಂಟಿ ಅಳತೆಯ ದಿನ ಎದುರಿಗೇ ನಿಂತು ತೆಂಗು, ಅಡಿಕೆ, ಬಾವಿ ಎಲ್ಲವನ್ನೂ ಬರೆಸಿ. ಪರಿಹಾರ ಕಡಿಮೆ ಎನಿಸಿದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲೇ ಮಧ್ಯಸ್ಥಗಾರರ ಮುಂದೆ ಹೋಗಲು ಅವಕಾಶವಿದೆ.

ಸಾಲ ಮಾಡಲೇಬೇಕೆಂದಿದ್ದರೆ ಹಳೆಯ ಟಾಟಾ ಏಸ್ ಕೊಳ್ಳಿ, ಗಿಡವನ್ನು ಸಂತೆಗೆ ಒಯ್ಯಿರಿ. ಇನ್ನು ನೀವು ಕಳಿಸಿದ ಫೋಟೊದಲ್ಲಿ ಮಲ್ಲಿಗೆಯ ಮೇಲಿರುವ, ಮುಕ್ಕಾಲು ಪಾಲು ಬಿಸಿಲು ತಡೆಯುವ ಶೇ. 75ರ ನೆರಳುಬಲೆಯನ್ನು ಇಂದೇ ಬಿಚ್ಚಿ, ಮಲ್ಲಿಗೆ ಗಿಡಕ್ಕೆ ಬಿಸಿಲು ಬೇಕು.