ಓದುಗರ ಪ್ರಶ್ನೆ: ನಮ್ಮ ಸಿಸ್ಟರುಗಳ ಹೈಸ್ಕೂಲು ಮುಚ್ಚುತ್ತಿದೆ, ಏನು ಮಾಡಲಿ?

ಪ್ರಶ್ನೆ: ಬಂಟ್ವಾಳ ತಾಲೂಕಿನ ನಮ್ಮೂರಲ್ಲಿ ಸಿಸ್ಟರುಗಳು ನಡೆಸುವ ಕನ್ನಡ ಮಾಧ್ಯಮ ಹೈಸ್ಕೂಲು ಈ ವರ್ಷಕ್ಕೆ ಕೊನೆ ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಓದಿದೆ. ಆ ದಿನ ಕೆಲಸಕ್ಕೆ ಮನಸ್ಸೇ ಬರಲಿಲ್ಲ. ನಾನು ಕ್ರೈಸ್ತಳಲ್ಲ, ನಮ್ಮ ಕ್ಲಾಸಿನ ಅರ್ಧಕ್ಕಿಂತ ಜಾಸ್ತಿ ಮಕ್ಕಳೂ ಅಲ್ಲ. ಆದರೂ ಅದು ನಮ್ಮ ಶಾಲೆ. ಏಳನೇ ಮುಗಿಸಿ ಅಮ್ಮನ ಜೊತೆ ಬೀಡಿ ಕಟ್ಟಲು ಕೂತಿದ್ದ ನನ್ನನ್ನು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮನೆಗೇ ಬಂದು, ಅಪ್ಪನನ್ನು ಒಪ್ಪಿಸಿ ಎಂಟನೇ ಕ್ಲಾಸಿಗೆ ಕರೆದುಕೊಂಡು ಹೋಗಿದ್ದರು. ಈಗ ಅದೇ ಕಾಂಪೌಂಡಿನ ಇಂಗ್ಲಿಷ್ ಮೀಡಿಯಂ ತುಂಬಿದೆ. ಕನ್ನಡದ್ದನ್ನೇ ಯಾಕೆ ಮುಚ್ಚುತ್ತಾರೆ? ನಾವು ಹಳೆ ವಿದ್ಯಾರ್ಥಿಗಳು ದುಡ್ಡು ಹಾಕಿದರೆ ಉಳಿಯುತ್ತದಾ?
— ಓದುಗರು, ಕುವೈತ್

ಉತ್ತರ: ನಿಮ್ಮ ಪತ್ರ ಓದಿ ನನಗೂ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ನಾನೂ ಇಂಥದ್ದೇ ಶಾಲೆಯಲ್ಲಿ ಕಲಿತವಳು, ಆಮೇಲೆ ಇನ್ನೊಂದು ಅನುದಾನಿತ ಹೈಸ್ಕೂಲಿನಲ್ಲಿ 29 ವರ್ಷ ಕನ್ನಡ ಪಾಠ ಮಾಡಿದವಳು.

ನಮ್ಮ ಕರಾವಳಿಯಲ್ಲಿ ಈ ಶಾಲೆಗಳ ಕಥೆ ಹಳೆಯದು. ಮಂಗಳೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು 1870ರಲ್ಲಿ ಬಂದು ಹೆಣ್ಣುಮಕ್ಕಳ ಶಾಲೆ ಹಿಡಿದರು, ಜೆಸ್ವಿಟ್ ಪಾದ್ರಿಗಳ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾಯಿತು. ಆಮೇಲೆ ಹಳ್ಳಿಗಳಲ್ಲೂ ಇಗರ್ಜಿ (ಚರ್ಚು) ಇದ್ದಲ್ಲಿ ಪಕ್ಕದಲ್ಲೊಂದು ಶಾಲೆ ಎದ್ದಿತು. ಮನೆಯಲ್ಲಿ ನಾವು ತುಳು, ಕೊಂಕಣಿ, ಬ್ಯಾರಿ ಮಾತಾಡುವವರು. ನಮಗೆ ಕನ್ನಡ ಸಿಕ್ಕಿದ್ದು ಅಲ್ಲಿ, ಆ ಬೆಂಚಿನ ಮೇಲೆ. ನೀವು ಕುವೈತಿನಲ್ಲಿ ಕೂತು ನನಗೆ ಇಷ್ಟು ಚೆಂದದ ಕನ್ನಡದಲ್ಲಿ ಪತ್ರ ಬರೆದಿದ್ದೀರಲ್ಲ, ಅದು ಆ ಸಿಸ್ಟರುಗಳ ಮತ್ತು ಟೀಚರುಗಳ ಕೆಲಸ.

ಇನ್ನು ಯಾಕೆ ಮುಚ್ಚುತ್ತಾರೆ ಅನ್ನುವುದು. ಶಾಲೆ ಒಂದೇ ದಿನ ಮುಚ್ಚುವುದಿಲ್ಲ. ನನಗೆ ಅದು ಮೊದಲು ಕಂಡದ್ದು ಹಾಜರಿ ಪುಸ್ತಕದಲ್ಲಿ. ನಾನು ಸೇರಿದಾಗ ಎಂಟನೇ ಕ್ಲಾಸಿನ ಹೆಸರುಗಳು ಒಂದು ಪುಟ ದಾಟಿ ಇನ್ನೊಂದಕ್ಕೆ ಹೋಗುತ್ತಿದ್ದವು, ಹಾಜರಿ ಕರೆಯಲಿಕ್ಕೇ ಐದು ನಿಮಿಷ ಬೇಕಿತ್ತು. ಕೊನೆಯ ವರ್ಷಗಳಲ್ಲಿ ಹೆಸರುಗಳು ಅರ್ಧ ಪುಟದಲ್ಲಿ ಮುಗಿದು ಕೆಳಗೆ ಬರೀ ಗೆರೆಗಳು. ತಿಂಗಳ ಕೊನೆಯಲ್ಲಿ ಆ ಖಾಲಿ ಗೆರೆಗಳ ಕೆಳಗೆ ಸಹಿ ಹಾಕುವಾಗ ಎದೆ ಧಸಕ್ಕೆನ್ನುತ್ತಿತ್ತು.

ಎಂಟನೇ ಕ್ಲಾಸಿಗೆ ಮಕ್ಕಳು ಬರಬೇಕಾದರೆ ಸುತ್ತಲಿನ ಕನ್ನಡ ಶಾಲೆಗಳಲ್ಲಿ ಏಳನೇ ಕ್ಲಾಸು ಇರಬೇಕು ಅಲ್ವಾ? ಅಲ್ಲೇ ಮಕ್ಕಳಿಲ್ಲ. ಮನೆಗೆ ಒಂದೋ ಎರಡೋ ಮಕ್ಕಳು, ಆ ಮಕ್ಕಳೂ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತುತ್ತಾರೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವನ್ನೇ ಮಾಧ್ಯಮ ಮಾಡಬೇಕು ಎಂದು ಸರ್ಕಾರ 1994ರಲ್ಲಿ ತಂದ ನೀತಿಯನ್ನು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಒಪ್ಪಲಿಲ್ಲ. ಆದರೆ ತೀರ್ಪು ಬರುವ ಎಷ್ಟೋ ಮೊದಲೇ ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ತೀರ್ಮಾನ ಮಾಡಿ ಆಗಿತ್ತು. ನಾನು ಕನ್ನಡ ಟೀಚರ್, ನನ್ನ ಮಗಳನ್ನು 2001ರಲ್ಲಿ ಇಂಗ್ಲಿಷ್ ಮೀಡಿಯಂಗೆ ಸೇರಿಸಿದೆ. ಆ ಮಾತು ಬಿಟ್ಟು ನಿಮಗೆ ಉತ್ತರ ಬರೆದರೆ ಅದು ಪ್ರಾಮಾಣಿಕ ಉತ್ತರ ಆಗುವುದಿಲ್ಲ.

ಎರಡನೆಯದು ಟೀಚರುಗಳದ್ದು. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ಸಂಬಳ ಸರ್ಕಾರ ಕೊಡುತ್ತದೆ, ಕಟ್ಟಡದ ಖರ್ಚು ಆಡಳಿತದವರದ್ದು. ಗಣಿತದ ಮೇಷ್ಟ್ರು ನಿವೃತ್ತರಾದರೆ ಆ ಜಾಗ ತುಂಬಲು ಸರ್ಕಾರದ ಅನುಮತಿ ಬೇಕು, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮಕ್ಕಳ ಸಂಖ್ಯೆ ಇಳಿದರೆ ಇರುವ ಹುದ್ದೆಯನ್ನೂ ಹೆಚ್ಚುವರಿ ಅಂತ ಲೆಕ್ಕ ಹಾಕಿ ಟೀಚರನ್ನು ಬೇರೆ ಕಡೆ ಕಳಿಸುತ್ತಾರೆ. ಮತ್ತೆ ಉಳಿಯುವುದು ಗೌರವ ಶಿಕ್ಷಕಿಯರು, ಕೈಗೆ ಕೆಲವೇ ಸಾವಿರ. ಗಣಿತಕ್ಕೆ ಟೀಚರಿಲ್ಲದ ಶಾಲೆಗೆ ಯಾರು ಮಕ್ಕಳನ್ನು ಕಳಿಸುತ್ತಾರೆ? ಪಕ್ಕದ ಇಂಗ್ಲಿಷ್ ಮೀಡಿಯಂನಲ್ಲಿ ಫೀಸಿನಿಂದಲೇ ಸಂಬಳ ನಡೆಯುವುದರಿಂದ ಈ ಕಷ್ಟ ಇಲ್ಲ. ಆ ಫೀಸಿನಲ್ಲಿ ಒಂದು ಪಾಲು ಕನ್ನಡ ವಿಭಾಗಕ್ಕೆ ತೆಗೆದಿಡಬಹುದಿತ್ತು ಅಂತ ನನಗೂ ಅನಿಸುತ್ತದೆ. ಅದನ್ನು ಸಂಚಾಲಕರ ಹತ್ತಿರ ನೇರವಾಗಿ ಕೇಳಿ. ಗ್ರೂಪಿನಲ್ಲಿ ಬೈಯುವುದರಿಂದ ಏನೂ ಆಗುವುದಿಲ್ಲ. ಜೊತೆಗೆ, ಸಿಸ್ಟರ್ ಆಗಲು ಬರುವ ಹುಡುಗಿಯರೂ ಈಗ ಕಮ್ಮಿ. ಇರುವ ಇಬ್ಬರು ಮೂವರು ವಯಸ್ಸಾದವರು ಎರಡೆರಡು ಶಾಲೆ ನೋಡಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದುಡ್ಡಿನ ವಿಷಯ. ಹಳೆ ವಿದ್ಯಾರ್ಥಿ ಸಂಘಗಳು ದುಡ್ಡು ಕೂಡಿಸಿದಾಗ ಸಾಮಾನ್ಯವಾಗಿ ರಂಗಮಂದಿರ ಕಟ್ಟುತ್ತವೆ, ಇಲ್ಲವೇ ಮಹಾದ್ವಾರ. ಅದರಿಂದ ಒಂದು ಮಗುವೂ ಜಾಸ್ತಿ ಬರಲಿಲ್ಲ. ದುಡ್ಡು ಹೋಗಬೇಕಾದದ್ದು ಟೀಚರಿಗೆ ಮತ್ತು ವ್ಯಾನಿಗೆ, ಅದೂ ಏಳೆಂಟು ವರ್ಷ ಮೊದಲೇ. ಕನ್ನಡ ಮಾಧ್ಯಮ ಅಂದರೆ ಮಕ್ಕಳೇ ಬರುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಗೆ ಸೇರಲು ರಾಜ್ಯದ ಎಲ್ಲ ಕಡೆಯಿಂದ ಸಾವಿರಾರು ಮಕ್ಕಳು ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಅಲ್ಲಿ ಊಟ, ವಸತಿ, ಪಾಠ ಎಲ್ಲ ಉಚಿತ, ಟೀಚರುಗಳೂ ಇದ್ದಾರೆ. ನಿಮ್ಮ ಶಾಲೆಗೆ ಈ ಹಂತದಲ್ಲಿ ಅಷ್ಟು ಮಾಡಲು ಆಗುವುದು ಕಷ್ಟ, ಸುಮ್ನೆ ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ.

ಆದರೆ ಒಂದು ಕೇಳುತ್ತೇನೆ. ಈಗ ಅಲ್ಲಿ ಕಲಿಯುತ್ತಿರುವ ಮಕ್ಕಳು ಯಾರು, ವಿಚಾರಿಸಿದ್ದೀರಾ? ನನ್ನ ಕೊನೆಯ ಕ್ಲಾಸುಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಒಬ್ಬಳು ತಮ್ಮನನ್ನು ಅಂಗನವಾಡಿಗೆ ಬಿಟ್ಟು, ಓಡುತ್ತಾ ಬಂದು, ಬಾಗಿಲ ಹತ್ತಿರ ನಿಂತು 'ಒಳಗ ಬರ್ಲೇನ್ರಿ ಟೀಚರ್' ಅಂತ ಕೇಳುತ್ತಿದ್ದಳು. ಬೀಡಿ ಕಟ್ಟುವ ಮೊರದ ಮುಂದಿನಿಂದ ನಿಮ್ಮನ್ನು ಎಬ್ಬಿಸಿ ತಂದ ಹಾಗೆ ಎಬ್ಬಿಸಿ ತರಬೇಕಾದ ಮಕ್ಕಳು ಈಗ ಇವರು. ಶಾಲೆ ಮುಚ್ಚಿದರೆ ಇವರಿಗೆ ಟಿಸಿ ಸಿಗುತ್ತದೆ, ಸರ್ಕಾರಿ ಹೈಸ್ಕೂಲಿನಲ್ಲಿ ಸೀಟೂ ಸಿಗುತ್ತದೆ. ಆದರೆ ಅಲ್ಲಿಗೆ ಹೋಗುವುದು ಹೇಗೆ? ನಮ್ಮ ಕಡೆ ಒಳರಸ್ತೆಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು, ಶಕ್ತಿ ಯೋಜನೆಯ ಉಚಿತ ಪ್ರಯಾಣ ಅದರಲ್ಲಿ ಇಲ್ಲ. ದಿನಾ ಬಸ್ಸಿನ ದುಡ್ಡು ಹೊಂದಿಸಲಾಗದೆ ಹುಡುಗಿಯರು ಜೂನ್ ತಿಂಗಳಲ್ಲೇ ಶಾಲೆ ಬಿಡುತ್ತಾರೆ. ನಿಮ್ಮ ಬ್ಯಾಚು ದುಡ್ಡು ಹಾಕುವುದಾದರೆ ಆ ಮಕ್ಕಳು ಹತ್ತನೇ ಮುಗಿಸುವವರೆಗೆ ಒಂದು ರಿಕ್ಷಾ ಗೊತ್ತು ಮಾಡಿ. ಹೆಡ್‌ಮಿಸ್ಟ್ರೆಸ್ ಹತ್ತಿರ ಇಂದೇ ಫೋನ್ ಮಾಡಿ ಪಟ್ಟಿ ಕೇಳಿ, ಜೂನ್ ತನಕ ಕಾಯಬೇಡಿ.

ಪ್ರಶ್ನೆ: ಶಾಲೆ ಮುಚ್ಚಿದ ಮೇಲೆ ನಮ್ಮ ಹಳೆಯ ದಾಖಲೆಗಳು ಎಲ್ಲಿ ಸಿಗುತ್ತವೆ? ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕದ ತೊಂದರೆ ಇದೆ.
— ಓದುಗರು, ಪುತ್ತೂರು

ಉತ್ತರ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ದಾಖಲೆ ಪರೀಕ್ಷಾ ಮಂಡಳಿಯಲ್ಲಿ ಇರುತ್ತದೆ, ಶಾಲೆ ಇರಲಿ ಬಿಡಲಿ ಅದಕ್ಕೆ ತೊಂದರೆ ಇಲ್ಲ. ಹುಟ್ಟಿದ ದಿನಾಂಕದ ಮೂಲ ದಾಖಲೆ ಇರುವುದು ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಮುಚ್ಚಿದ ಮೇಲೆ ಅದು ಎಲ್ಲಿಗೆ ಹೋಯಿತು ಅಂತ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಬೇಕಾಗುತ್ತದೆ. ಅದಕ್ಕಿಂತ ಆಫೀಸು ತೆರೆದಿರುವಾಗಲೇ ಹೋಗಿ ದೃಢೀಕರಿಸಿದ ಪ್ರತಿ ತೆಗೆದುಕೊಳ್ಳಿ. ಹಳೆ ಪುಸ್ತಕದ ಹಾಳೆ ಮುಟ್ಟಿದರೆ ಪುಡಿಯಾಗುವಂತಿರುತ್ತದೆ, ಝೆರಾಕ್ಸ್ ಮೆಶಿನ್ ಮೇಲೆ ಒತ್ತಲು ಬಿಡಬೇಡಿ. ಗುಮಾಸ್ತರನ್ನು ಕೇಳಿ ನಿಮ್ಮ ಸಾಲಿನ ಫೋಟೋ ಮಾತ್ರ ತೆಗೆದುಕೊಳ್ಳಿ, ಇಡೀ ಪುಟವನ್ನು ಗ್ರೂಪಿಗೆ ಹಾಕಬೇಡಿ. ಅದರಲ್ಲಿ ಬೇರೆಯವರ ಜಾತಿ, ವಿಳಾಸ ಎಲ್ಲ ಇರುತ್ತದೆ.